ರತ್ನಗಂಬಳಿಗೆ ಯಾವ ಬ್ರಷ್ಷು?

ಮದುವೆ ಮನೆಗೆ ಹೋದರೆ ನಾವು ಹೆಂಗಸರು ಏನೇನು ನೋಡುತ್ತೇವೆ ಹೇಳಿ? ಹುಡುಗಿಯ ಸೀರೆ ನೋಡುತ್ತೇವೆ, ಒಡವೆ ನೋಡುತ್ತೇವೆ, ಊಟದಲ್ಲಿ ಎಷ್ಟು ಬಗೆ ಎಂದು ಎಣಿಸುತ್ತೇವೆ. ಕಾಲ ಕೆಳಗಿನ ಕೆಂಪು ಕಾರ್ಪೆಟ್ಟನ್ನು ಮಾತ್ರ ಯಾರೂ ನೋಡುವುದಿಲ್ಲ. ಮುಂದಿನ ಸಲ ಒಮ್ಮೆ ಬಗ್ಗಿ ನೋಡಿ. ತುಳಿದ ಹೂವು, ಅಕ್ಷತೆ, ಅರಿಶಿನ, ದೀಪದ ಎಣ್ಣೆ, ಮಕ್ಕಳು ಚೆಲ್ಲಿದ ಬಾದಾಮಿ ಹಾಲು, ಯಾರೋ ಪುಣ್ಯಾತ್ಮರು ಮೂಲೆಯಲ್ಲಿ ಉಗಿದ ಎಲೆಅಡಿಕೆ, ಎಲ್ಲಾ ಅದರೊಳಗೇ ಇರುತ್ತದೆ. ಇದನ್ನೆಲ್ಲ ನಾನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಹೋದ ವರ್ಷ ನಮ್ಮ ಗೌರಿಬಿದನೂರಿನ ಒಂದು ಕಲ್ಯಾಣ ಮಂಟಪದವರು ನಮ್ಮ ಸ್ತ್ರೀಶಕ್ತಿ ಸಂಘದವರನ್ನು ಕರೆಸಿ, "ಕಾರ್ಪೆಟ್ಟು, ಜಮಖಾನ ಎಲ್ಲಾ ತೊಳೆದುಕೊಡ್ತೀರೇನಮ್ಮಾ?" ಎಂದು ಕೇಳಿದರು.

ಆಷಾಢದಲ್ಲಿ ಮದುವೆಗಳಿಲ್ಲವಷ್ಟೆ. ಮಂಟಪಗಳಿಗೆ ಬಿಡುವು ಸಿಕ್ಕುವುದು ಆಗಲೇ. ನಮ್ಮ ಸೀಮೆಯಲ್ಲಿ ಮಳೆ ಜೋರು ಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರಿಗೆ. ಆಷಾಢದಲ್ಲಿ ಗಾಳಿಯದೇ ಕಾರುಬಾರು. ಬೆಳಿಗ್ಗೆ ತೊಳೆದು ಹರವಿದ್ದು ಸಂಜೆಗೆ ಗರಿಗರಿ. ಕೆಲಸವೇನೋ ನಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಕೈಯಲ್ಲೇ ಉಜ್ಜುವುದೋ, ಮಿಷನ್ನು ಕೊಳ್ಳುವುದೋ ಎಂಬ ಮಾತು ಬಂದಾಗ ಸಂಘ ಎರಡು ಹೋಳಾಯಿತು. ಮಿಷನ್ನು ಎಂದರೆ 14 ಜನ ವಾರ ವಾರ ಕಟ್ಟಿದ ಎರಡು ವರ್ಷದ ಉಳಿತಾಯ ಒಂದೇ ಏಟಿಗೆ ಖಾಲಿ. ವಯಸ್ಸಿನ ಹುಡುಗಿಯರೆಲ್ಲ "ತಗೊಳ್ಳೋಣ ಅಕ್ಕಾ" ಎಂದರು. ಮಿಕ್ಕವರು, "ನಾರಿನ ಬ್ರಷ್ಷಿಗೆ ಎಷ್ಟು ಮಹಾ ಆಗುತ್ತೆ? ದೇವರು ಕೈ ಕೊಟ್ಟಿದ್ದಾನಲ್ಲ" ಎಂದರು.

ನಾವೆಲ್ಲ ಅಕ್ಕಯ್ಯ ಎಂದು ಕರೆಯುವ ಒಬ್ಬರು ಮಾತ್ರ ಏನೂ ಹೇಳದೆ ಕೂತಿದ್ದರು. ಅರವತ್ತು ಹತ್ತಿರವಾಗಿದೆ. ನಾಲ್ಕು ಮನೆಯ ನೆಲ ಒರೆಸಿ, ಪಾತ್ರೆ ಉಜ್ಜಿ ಇಬ್ಬರು ಮಕ್ಕಳನ್ನು ದಡ ಹತ್ತಿಸಿದ ಕೈ ಅದು. ಈಗ ಮಣಿಕಟ್ಟು ಊದಿಕೊಂಡು ಬಳೆ ಏರುವುದಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ ಹೇಳಿದರು: "ಕೈಯಲ್ಲೇ ಉಜ್ಜೋದಾದ್ರೆ ನನ್ ಕೈಲಾಗಲ್ಲ ಕಣಮ್ಮ. ಮಿಷನ್ನು ಬಂದ್ರೆ ನನ್ನನ್ನ ಯಾಕೆ ಇಟ್ಕೋತೀರಿ? ಎರಡರಲ್ಲಿ ಯಾವುದಾದ್ರೂ ನನಗೆ ಅಷ್ಟೇ." ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಸಂಘದ ಲೆಕ್ಕದ ಪುಸ್ತಕ ನನ್ನ ಕೈಲಿರುವುದರಿಂದ ವಿಚಾರಿಸಿಕೊಂಡು ಬರುವ ಕೆಲಸವೂ ನನ್ನ ತಲೆಗೇ ಬಂತು. ಮೂರು ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಎಸ್.ಜೆ.ಪಿ. ರಸ್ತೆಯ ಅಂಗಡಿಗಳನ್ನು ಹತ್ತಿ ಇಳಿದೆವು. ಒಂದು ತಮಾಷೆ ಕೇಳಿ. ಹೋದ ಕಡೆಯೆಲ್ಲ "ಎಷ್ಟು ಗಲೀಜಾಗಿದೆ ಅಮ್ಮಾ?" ಎಂದೇ ಕೇಳಿದರು. ಬಹಳ ಎಂದರೆ ಬಹಳ ಒರಟಾದ ಬ್ರಷ್ಷು ತೆಗೆದು ಮುಂದಿಟ್ಟರು. ಗಲೀಜಾಗಿರುವುದು ಯಾವ ಬಟ್ಟೆ, ಯಾವ ನೇಯ್ಗೆ ಎಂದು ಒಬ್ಬರಾದರೂ ಕೇಳಬೇಕಲ್ಲ! ಬ್ರಷ್ಷನ್ನು ಆರಿಸುವುದು ಹಾಸಿನ ಎಳೆ ನೋಡಿ. ಕೊಳೆ ನೋಡಿ ಆರಿಸಿದರೆ ಕೊಳೆಯ ಜೊತೆಗೆ ಕಾರ್ಪೆಟ್ಟೂ ಹೋಗುತ್ತದೆ.

ಆ ಮಂಟಪದಲ್ಲೇ ನಾಲ್ಕು ಬಗೆಯವು ಇದ್ದವು. ಊಟಕ್ಕೆ ಮುಂಚೆ ಜನ ಕೂರುವ ಹತ್ತಿ ಜಮಖಾನಗಳು. ಬಾಗಿಲಿಂದ ವೇದಿಕೆಯವರೆಗೆ ಹಾಸುವ ಕೆಂಪು ಹಾಸು. ಇದು ನೇಯ್ದದ್ದಲ್ಲ, ಪ್ಲಾಸ್ಟಿಕ್ ಎಳೆಗಳನ್ನು ಒತ್ತಿ ಅಂಟಿಸಿದ್ದು. ವೇದಿಕೆಯ ಮೇಲೆ ಹುಲ್ಲಿನ ಹಾಗೆ ಎಳೆ ಎದ್ದು ನಿಂತ ನೈಲಾನ್ ಕಾರ್ಪೆಟ್ಟು. ಗಂಡಿನ ಕೋಣೆಯಲ್ಲಿ ಯಜಮಾನರ ತಂದೆಯ ಕಾಲದ ಒಂದು ಉಣ್ಣೆಯ ರತ್ನಗಂಬಳಿ.

ಹತ್ತಿ ಜಮಖಾನ ಗಟ್ಟಿ ಪಿಂಡ. ನಮ್ಮ ತೆಂಗಿನ ನಾರಿನ ಬ್ರಷ್ಷಿಗೂ ಹೆದರುವುದಿಲ್ಲ. ನೇಯ್ಗೆಯ ಉದ್ದಕ್ಕೆ ಉಜ್ಜಬೇಕು ಅಷ್ಟೆ. ಬಣ್ಣ ಬಿಡುತ್ತದೋ ಇಲ್ಲವೋ ಎಂದು ಮೊದಲೇ ಒಂದು ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿಕೊಳ್ಳಿ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರೇ ಮಗ್ಗದಲ್ಲಿ ಕೂತು ನೇಯುವ, ನವಿಲು, ಪಗಡೆಹಾಸಿನ ಚಿತ್ತಾರದ ಜಮಖಾನ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಯಾವ ಮಿಷನ್ನಿಗೂ ಕೊಡಬೇಡಿ.

ಅಂಟಿಸಿದ ಕೆಂಪು ಹಾಸನ್ನು ಒರಟಾಗಿ ಉಜ್ಜಿದರೆ ಹಳೇ ಸ್ವೆಟರಿನ ಹಾಗೆ ಗಂಟು ಗಂಟು ಎದ್ದು ನಿಲ್ಲುತ್ತದೆ. ನೀರಲ್ಲಿ ನೆನೆಹಾಕಿದರೆ ಅಂಟು ಬಿಡುತ್ತದೆ. ಇದಕ್ಕೆ ಮೆತ್ತನೆಯ ನೈಲಾನ್ ಬ್ರಷ್ಷು, ಕಡಿಮೆ ನೀರು.

ಇನ್ನು ಉಣ್ಣೆ. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯ ಹಾಗೆ ಸಣ್ಣ ಪೊರೆಗಳಿರುತ್ತವೆ. ಬಿಸಿನೀರು ಹಾಕಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗುತ್ತದೆ. ವಾಷಿಂಗ್ ಸೋಡಾ ಅಂತೂ ಉಣ್ಣೆಯನ್ನೇ ತಿನ್ನುತ್ತದೆ. ಅದಕ್ಕೆ ತಣ್ಣೀರು, ಅಂಟುವಾಳ ಕಾಯಿಯ ನೊರೆ, ಮೃದುವಾದ ಕೂದಲಿನ ಬ್ರಷ್ಷು, ಇಷ್ಟೇ. ಕುರುಬರ ಕರಿ ಕಂಬಳಿಯ ಜಾತಿ ಬೇರೆ. ಅದಕ್ಕೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ತೊಳೆದರೆ ಗಂಜಿ ಹೋಗಿ ಕಂಬಳಿ ಸಡಿಲವಾಗುತ್ತದೆ. ಬಿಸಿಲಿಗೆ ಹಾಕಿ ಕೊಡವಿದರೆ ಸಾಕು.

ಅಂಟುವಾಳದ ಮಾತು ಬಂತಲ್ಲ, ಇದನ್ನೂ ಕೇಳಿ. ನಮ್ಮ ಕಡೆ ಬೋರ್‌ವೆಲ್ ನೀರು ಎಂಥ ಗಡಸು ಎಂಬುದು ಬೇಳೆ ಬೇಯಿಸುವ ನಿಮಗೆ ಹೇಳಬೇಕಾಗಿಲ್ಲ. ಈ ನೀರಿಗೆ ಬಟ್ಟೆ ಸೋಪು ಹಾಕಿದರೆ ನೊರೆಯ ಬದಲು ಮೊಸರೊಡೆದ ಹಾಗೆ ಬೂದು ಜಿಡ್ಡು ಬರುತ್ತದೆ. ಆ ಜಿಡ್ಡು ಕಾರ್ಪೆಟ್ಟಿನ ಬುಡ ಸೇರಿದರೆ ಮುಂದಿನ ಧೂಳನ್ನೆಲ್ಲ ತಾನೇ ಕರೆದು ಕೂರಿಸಿಕೊಳ್ಳುತ್ತದೆ. ಅಂಟುವಾಳಕ್ಕೆ, ಪುಡಿ ಡಿಟರ್ಜೆಂಟಿಗೆ ಈ ತೊಂದರೆ ಕಡಿಮೆ. ಡಿಟರ್ಜೆಂಟನ್ನೂ ಕೈ ಬಿಗಿಹಿಡಿದು ಹಾಕಿ. ನೊರೆ ಹೆಚ್ಚಿದ್ದರೆ ಶುದ್ಧ ಹೆಚ್ಚು ಎಂಬುದು ನಮ್ಮ ಭ್ರಮೆ.

ಮಿಷನ್ನಿನ ವಿಷಯಕ್ಕೆ ಬರೋಣ. ಅಂಗಡಿಯವರು ಮೊದಲು ತೋರಿಸುವುದು ತಟ್ಟೆಯ ಮಿಷನ್ನು. ಬೀಸುವ ಕಲ್ಲಿನ ಹಾಗೆ ಕೆಳಗೆ ಒಂದೇ ಅಗಲವಾದ ಬ್ರಷ್ಷು, ಸಾಮಾನ್ಯವಾಗಿ 17 ಅಂಗುಲದ್ದು, ಗಿರ್ರನೆ ತಿರುಗುತ್ತದೆ. ಸಿಮೆಂಟು, ಗ್ರಾನೈಟ್ ನೆಲಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಕಾರ್ಪೆಟ್ಟಿಗೆ ಹಾಕುವುದಾದರೆ ನಿಮಿಷಕ್ಕೆ 150ರಿಂದ 200 ಸುತ್ತು ತಿರುಗುವ ನಿಧಾನದ್ದೇ ಬೇಕು. ಅದಕ್ಕಿಂತ ಬಹಳ ಜೋರಾಗಿ ತಿರುಗುವುದು ನೆಲಕ್ಕೆ ಪಾಲಿಷ್ ಹಾಕುವುದಕ್ಕೆ. ತೂಕ 30-40 ಕಿಲೋ. ಹಿಡಿಯನ್ನು ಸ್ವಲ್ಪ ಎತ್ತಿದರೆ ಒಂದು ಕಡೆಗೆ ಎಳೆಯುತ್ತದೆ, ಇಳಿಸಿದರೆ ಇನ್ನೊಂದು ಕಡೆಗೆ. ಹೊಸಬರ ಕೈಯಲ್ಲಿ ಹಗ್ಗ ಬಿಚ್ಚಿದ ಹೋರಿಯೇ ಸರಿ.

ಒಬ್ಬ ಅಂಗಡಿಯವರು ಹುಡುಗನನ್ನು ಮಂಟಪಕ್ಕೇ ಕಳಿಸಿ ತೋರಿಸಿದರು. ಆತ ನೆಲ ಉಜ್ಜುವ ದಪ್ಪ ಎಳೆಯ ಬ್ರಷ್ಷನ್ನೇ ತಗುಲಿಸಿ ವೇದಿಕೆಯ ಕಾರ್ಪೆಟ್ಟಿನ ಮೇಲೆ ಬಿಟ್ಟ. ಕೊಳೆ ಹೋಯಿತು, ನಿಜ. ನಿಂತ ಎಳೆಗಳೆಲ್ಲ ತಿರುಚಿಕೊಂಡು, ಚಕ್ರ ಚಕ್ರವಾಗಿ ಮಚ್ಚೆ ಉಳಿಯಿತು. ಬಾಚಿದರೂ ಹೋಗಲಿಲ್ಲ. ಪುಣ್ಯಕ್ಕೆ ಅದು ಮೇಜಿನ ಕೆಳಗೆ ಬರುವ ಭಾಗ. ಹಾಗಾಗಿ ಬ್ರಷ್ಷನ್ನು ತಗುಲಿಸುವ ಮುಂಚೆ ನಿಮ್ಮ ಮುಂಗೈ ಮೇಲೆ ಒತ್ತಿ ಎಳೆದುಕೊಳ್ಳಿ. ಗೀರು ಬಿದ್ದರೆ ಅದು ನೆಲದ ಬ್ರಷ್ಷು. ಎಳೆಯಲ್ಲೇ ಕಲ್ಲಿನ ಪುಡಿ ಬೆರೆಸಿ ಮಾಡಿದವೂ ಇವೆ. ಅವು ಕಾರ್ಪೆಟ್ಟಿನ ಹತ್ತಿರವೂ ಸುಳಿಯಬಾರದು.

ಎರಡನೆಯದು ಉರುಳೆಯ ಮಿಷನ್ನು. ಎರಡು ಲಟ್ಟಣಿಗೆ ಅಕ್ಕಪಕ್ಕ ಮಲಗಿಸಿದ ಹಾಗೆ ಎರಡು ಬ್ರಷ್ಷು, ಎದುರುಬದುರಾಗಿ ತಿರುಗುತ್ತವೆ. ಒಂದು ಎಳೆಯನ್ನು ಈ ಕಡೆಯಿಂದ ಬಾಚಿದರೆ ಇನ್ನೊಂದು ಆ ಕಡೆಯಿಂದ. ಹಾಗಾಗಿ ಎಳೆ ತಿರುಚಿಕೊಳ್ಳದೆ ಎದ್ದು ನಿಲ್ಲುತ್ತದೆ, ಬುಡದ ಕೊಳೆ ಮೇಲೆ ಬರುತ್ತದೆ. ನೀರೂ ಕಡಿಮೆ ಸಾಕು. ಚಿಕ್ಕದನ್ನು ಇಬ್ಬರು ಹೆಂಗಸರು ಆಟೋಗೆ ಎತ್ತಿಡಬಹುದು. ಒಂದೇ ಕಡೆಗೆ ಎಳೆಯುವುದೂ ಇಲ್ಲ. ನಮ್ಮ ಮನಸ್ಸು ನಿಂತದ್ದು ಇದರ ಮೇಲೆ.

ಆದರೆ ಯಾವ ಮಿಷನ್ನು ತಂದರೂ ಮೊದಲ ಕೆಲಸ ಕೈಯದೇ. ಕಾರ್ಪೆಟ್ಟಿನ ಕೊಳೆಯಲ್ಲಿ ಬಹುಪಾಲು ಬರೀ ಒಣ ಧೂಳು, ಮಣ್ಣು. ಅದನ್ನು ತೆಗೆಯದೆ ನೀರು ಹಾಕಿದರೆ ಕೆಸರು ಕಲೆಸಿದ ಹಾಗೆ. ಹಗ್ಗಕ್ಕೆ ಹಾಕಿ ಹಿಂಬದಿಯಿಂದ ಬಡಿಯಿರಿ, ಆಮೇಲೆ ವ್ಯಾಕ್ಯೂಮ್ ಇದ್ದರೆ ಎರಡು ಸಲ ಎಳೆಯಿರಿ. ಎಣ್ಣೆ ಬಿದ್ದ ಕಡೆ ಮುಸುಕಿನ ಜೋಳದ ಹಿಟ್ಟು ಉದುರಿಸಿ ರಾತ್ರಿಯಿಡೀ ಬಿಟ್ಟರೆ ಅರ್ಧ ಎಣ್ಣೆ ಹಿಟ್ಟಿಗೇ ಬರುತ್ತದೆ. ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ. ಗಾಬರಿಯಾಗಿ ಇನ್ನಷ್ಟು ಉಜ್ಜಬೇಡಿ. ತೊಳೆದು ಬಿಸಿಲಿಗೆ ಹಾಕಿ, ಸೂರ್ಯನೇ ಅದನ್ನು ತೆಗೆಯುತ್ತಾನೆ.

ಸಂಘದ ಮುಂದಿನ ಸಭೆಯಲ್ಲಿ ನಾನು ಒಂದು ಕಥೆ ಹೇಳಿದೆ. ನನ್ನ ಮಗಳು ಓದಿ ತಿಳಿಸಿದ್ದು. ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್ ಎಂಬ ಊರಲ್ಲಿ ಪಿಂಗಾಣಿ ಅಂಗಡಿ ಇಟ್ಟಿದ್ದ ಬಿಸೆಲ್ ದಂಪತಿಗಳಿದ್ದರು. ಪೆಟ್ಟಿಗೆ ಬಿಚ್ಚಿದಾಗಲೆಲ್ಲ ಕಾರ್ಪೆಟ್ಟಿನ ತುಂಬ ಮರದ ಪುಡಿ. ಗಂಡ 1876ರಲ್ಲಿ ತಳ್ಳಿದರೆ ಬ್ರಷ್ಷು ತಾನೇ ಉರುಳುವ ಒಂದು ಪೊರಕೆ ಯಂತ್ರ ಮಾಡಿದರು. ಅದರ ಉರುಳೆಗೆ ಹಂದಿಯ ಕೂದಲಿನ ಕಂತೆ ಕಟ್ಟುವ ಕೆಲಸವನ್ನು ಆ ಊರಿನ ಹೆಂಗಸರು ಮನೆಯಲ್ಲೇ ಕೂತು ಮಾಡುತ್ತಿದ್ದರಂತೆ. ಹೆಂಡತಿ ಆ್ಯನಾ ಅದನ್ನೆಲ್ಲ ಬಟ್ಟೆ ಬುಟ್ಟಿಗಳಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. 1889ರಲ್ಲಿ ಗಂಡ ತೀರಿಕೊಂಡ ಮೇಲೆ ಇಡೀ ಕಾರ್ಖಾನೆಯನ್ನು ಆಕೆಯೇ ನಡೆಸಿದರು. "ಮಿಷನ್ನು ಬಂದ ಕಾಲದಲ್ಲೂ ಬ್ರಷ್ಷು ಕಟ್ಟಿದ್ದು ಹೆಂಗಸರ ಕೈಯೇ" ಎಂದೆ. ಹುಡುಗಿಯರು ನಕ್ಕರು. ಅಕ್ಕಯ್ಯ ನಗಲಿಲ್ಲ, ಆದರೆ ಕತ್ತೆತ್ತಿ ಕೇಳುತ್ತಿದ್ದರು.

ಉರುಳೆ ಮಿಷನ್ನು ಕೊಂಡೆವು. ಕೊಳ್ಳುವ ಮುಂಚೆ ಬಿಡಿ ಬ್ರಷ್ಷು ಸಿಗುತ್ತದೆಯೇ, ರಿಪೇರಿಗೆ ಯಾರು ಬರುತ್ತಾರೆ ಎಂದು ಕೇಳಿ, ಬರೆಸಿಕೊಂಡೆವು. ಬ್ರಷ್ಷು ಸವೆಯುವ ಪದಾರ್ಥ, ಅದು ಸಿಗದಿದ್ದರೆ ಮಿಷನ್ನು ಮೂಲೆಗೆ. ಒದ್ದೆ ನೆಲದಲ್ಲಿ ಕರೆಂಟಿನ ಕೆಲಸವಾದ್ದರಿಂದ ಮೂರು ಪಿನ್ನಿನ ಪ್ಲಗ್ಗು, ಅರ್ತಿಂಗ್, ಕಾಲಿಗೆ ರಬ್ಬರ್ ಚಪ್ಪಲಿ ಇಲ್ಲದೆ ಯಾರೂ ಮುಟ್ಟುವ ಹಾಗಿಲ್ಲ. ಗಂಟು ಹಾಕಿ ಟೇಪು ಸುತ್ತಿದ ವೈರನ್ನು ಮಂಟಪದವರೇ ಕೊಟ್ಟರೂ ಬೇಡ ಎಂದೆವು. ಒಬ್ಬರು ಓಡಿಸಿದರೆ ಇನ್ನೊಬ್ಬರು ವೈರು ಹಿಡಿಯುತ್ತಾರೆ.

ಅಕ್ಕಯ್ಯನಿಗೆ ಕೆಲಸ ಮಿಷನ್ನೇ ಹುಡುಕಿಕೊಟ್ಟಿತು. ಅದು ಅಂಚಿಗೆ ಹೋಗುವುದಿಲ್ಲ, ಮೆಟ್ಟಿಲಿಗೆ ಹತ್ತುವುದಿಲ್ಲ, ಕಲೆ ಎಣ್ಣೆಯದೋ ಎಲೆಅಡಿಕೆಯದೋ ಅದಕ್ಕೆ ಗೊತ್ತಾಗುವುದಿಲ್ಲ. ಹಿಂದಿನ ದಿನವೇ ಹೋಗಿ ಒಂದೊಂದು ಕಲೆ ನೋಡಿ, ಹಿಟ್ಟು ಹಾಕುವ ಕಡೆ ಹಿಟ್ಟು, ನೊರೆ ಹಾಕುವ ಕಡೆ ನೊರೆ ಹಾಕುವುದು ಅವರ ಪಾಲು. ಅಂಚಿಗೆ ಬೇಕಾದ ನೈಲಾನ್ ಬ್ರಷ್ಷಿಗೆ ಎದೆಮಟ್ಟದ ಕೋಲು ಹಾಕಿಸಿದ್ದೇವೆ. ಮಣಿಕಟ್ಟು ಮಡಿಸುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ಭುಜದಿಂದ ತಳ್ಳಿದರೆ ಆಯಿತು.

ಕೂಲಿ ಹಂಚುವಾಗ ಮತ್ತೆ ಗಲಾಟೆ. ಮಿಷನ್ನು ಓಡಿಸುವವರಿಗೆ ಹೆಚ್ಚು ಬೇಕೆಂದು ಇಬ್ಬರು ಪಟ್ಟು ಹಿಡಿದರು. ಸಮಪಾಲು ಎಂದು ನಾನು ಪುಸ್ತಕದಲ್ಲಿ ಬರೆದು, ಓದಿ ಹೇಳಿ, ಎಲ್ಲರ ಸಹಿ ಹಾಕಿಸಿದೆ. ಒಬ್ಬಾಕೆ ಮೂರು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಈಗ ಮಾತಾಡುತ್ತಾಳೆ.

ಈ ಆಷಾಢಕ್ಕೆ ಇನ್ನೂ ಎರಡು ಮಂಟಪದವರು ಕರೆದಿದ್ದಾರೆ. ಉಣ್ಣೆಯ ರತ್ನಗಂಬಳಿಗೆ ಮಾತ್ರ ನಾವು ಮಿಷನ್ನು ಇಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದೇವೆ. ಅದನ್ನು ಅಕ್ಕಯ್ಯ ಕೂತು ಕೂದಲಿನ ಬ್ರಷ್ಷಿನಲ್ಲಿ ಬಾಚುತ್ತಾರೆ, ಅದಕ್ಕೆ ದರ ಬೇರೆ.