ರೌಟರ್ ಹೋಗಿ ಸ್ಪಿಂಡಲ್ ಬಂದುದು

ಮರದಲ್ಲಿ ಅಕ್ಷರ ಕೊರೆಯುವ ಸಿ.ಎನ್.ಸಿ. ಯಂತ್ರವೊಂದು ಪುಣೆಯಲ್ಲಿ ನಮ್ಮ ಅರ್ಧ ಸಂಸಾರವನ್ನು ಹೊತ್ತಿದೆಯೆಂದರೆ ವಾಚಕರು ಹುಬ್ಬೇರಿಸಬಹುದು. ನಾವೆಂದರೆ ಒಂದೇ ಮನೆಯಲ್ಲಿರುವ ಅಣ್ಣತಮ್ಮಂದಿರಿಬ್ಬರು. ಹಿರಿಯನು ಬಿ.ಎ. ಮಾಡಿ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿರುವವನು. ಕಿರಿಯನು 2020ರಲ್ಲಿ ಕಾರಖಾನೆ ಬಾಗಿಲು ಹಾಕಿದ ಮೇಲೆ ಇದ್ದ ಗಂಟನ್ನೆಲ್ಲ ಈ ಯಂತ್ರಕ್ಕೆ ಸುರಿದವನು. ಸರಕಾರಿ ನೌಕರನು ಅಪ್ಪಣೆಯಿಲ್ಲದೆ ವ್ಯಾಪಾರ ಮಾಡಕೂಡದೆಂದು 1964ರ ನಡತೆಯ ನಿಯಮಗಳು ಹೇಳುತ್ತವೆ. ಆದ್ದರಿಂದ ಅಂಗಡಿ ಕಿರಿಯನದು. ಚಿಂತೆ ಮಾತ್ರ ಇಬ್ಬರದೂ.

ಯಂತ್ರದ ಬಗೆ ಇಷ್ಟೆ. ಕಂಪ್ಯೂಟರು ಹೇಳಿದಂತೆ ತಿರುಗುವ ಬಿಟ್ಟೊಂದು ಅತ್ತಿತ್ತ, ಹಿಂದೆಮುಂದೆ, ಮೇಲೆಕೆಳಗೆ ಸರಿದು ಮರವನ್ನು ಕೆತ್ತುತ್ತದೆ. ಅದನ್ನು ತಿರುಗಿಸಲು ಅಗ್ಗದ ಯಂತ್ರಗಳಲ್ಲಿ ಬಡಗಿಗಳು ಕೈಯಲ್ಲಿ ಹಿಡಿಯುವ ರೌಟರನ್ನೇ ಬಿಗಿದಿರುತ್ತಾರೆ. ಐದು ನಿಮಿಷ ನಡೆಸಿ, ಒಂದು ಚಹ ಕುಡಿದು, ಮತ್ತೆ ಐದು ನಿಮಿಷ ನಡೆಸುವವರಿಗೆ ಅದು ಒಳ್ಳೆಯ ಸಾಮಾನೇ ಸರಿ. ನಮ್ಮಲ್ಲಿಯಾದರೋ ದೇವರ ಮಂಟಪದ ಒಂದು ಜಾಲಿಗೆ ನಾಲ್ಕು ಗಂಟೆ ಬೇಕು. ಅದರ ಮೋಟಾರಿನಲ್ಲಿ ಕಾರ್ಬನ್ ಬ್ರಶ್‌ಗಳು ಸದಾ ಉಜ್ಜುತ್ತ ಸವೆಯುತ್ತವೆ. ತಂಪಿಗೆಂದಿರುವ ಪಂಖವೂ ಅದೇ ದಂಡದ ಮೇಲಿದೆ. ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಸುತ್ತುವಾಗ ಅದು ಹಾಕುವ ಊಳು ಮೂರನೆಯ ಮಹಡಿಗೂ ಮುಟ್ಟುತ್ತಿತ್ತು.

ನಮ್ಮ ಅಂಗಡಿಯ ನೆತ್ತಿಯ ಮೇಲೆಯೇ ಮಲಗುವವರು ಮರಾಠಿ ಮನೆಯ ಆಜೋಬಾ. ಹೃದಯದ ಶಸ್ತ್ರಕ್ರಿಯೆ ಆದವರು. ಒಂದು ದಿನವೂ ಬೈದವರಲ್ಲ, ಅದೇ ನಮಗೆ ಹೆಚ್ಚು ಚುಚ್ಚುತ್ತಿತ್ತು. ಕಡೆಗೆ ಸೊಸೈಟಿಯವರೇ ಕಾಗದ ಬರೆದರು: ಬೆಳಿಗ್ಗೆ 10ರಿಂದ 1ರ ವರೆಗೆ ಮಾತ್ರ ಯಂತ್ರ ನಡೆಯತಕ್ಕದ್ದು. ಮೂರು ಗಂಟೆಯ ಅಪ್ಪಣೆಯಲ್ಲಿ ನಾಲ್ಕು ಗಂಟೆಯ ಜಾಲಿ!

"ಅಣ್ಣಾ, ಇದು ಕೈಯಾಗ ಹಿಡಿಯೋ ಸಾಮಾನು, ದಿನವೆಲ್ಲ ದುಡಿಯೋ ಎತ್ತಲ್ಲ. ಸ್ಪಿಂಡಲ್ ಹಾಕೂಣು," ಎಂದ ಕಿರಿಯ. ಬೆಲೆ ಕೇಳಿದರೆ ಹಿರಿಯನ ತಿಂಗಳ ಸಂಬಳದ ಬಹುಪಾಲು. "ಹುಡುಗರ ಸಾಲಿ ಫೀ ಮೊದಲೋ ಇದು ಮೊದಲೋ, ಭಾವನವರ?" ಎಂದು ಕಿರಿಯನ ಮಡದಿ ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಫೀಸನ್ನು ಎರಡು ಕಂತು ಮಾಡಿಸಿಕೊಂಡು ಸ್ಪಿಂಡಲ್ ತರಿಸಿದೆವು: 1.5 ಕಿಲೋವಾಟಿನದು, ನೀರಿನಿಂದ ತಂಪಾಗುವಂಥದು.

ಇದರಲ್ಲಿ ಬ್ರಶ್ಶೂ ಇಲ್ಲ, ಊಳಿಡುವ ಪಂಖವೂ ಇಲ್ಲ. ಇದು ಮೂರು ಫೇಸಿನ ಮೋಟಾರು. ನಮ್ಮ ಅಂಗಡಿಯ 230 ವೋಲ್ಟಿನ ಒಂದೇ ಫೇಸನ್ನು ವಿ.ಎಫ್.ಡಿ. ಎಂಬ ಪೆಟ್ಟಿಗೆ ಮೂರಾಗಿ ಮಾಡಿ ಕೊಡುತ್ತದೆ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಪೆಟ್ಟಿಗೆ ಅದನ್ನು 400ಕ್ಕೆ ಏರಿಸಬಲ್ಲದು. 400ನ್ನು 60ರಿಂದ ಗುಣಿಸಿರಿ, ನಿಮಿಷಕ್ಕೆ 24,000 ಸುತ್ತು. ಪೆಟ್ಟಿಗೆ ಬರುವಾಗಲೇ 50ಕ್ಕೆ ಹೊಂದಿಸಿ ಬಂದಿರುವುದುಂಟು. ಅದನ್ನು ತಿದ್ದದೆ ಗುಂಡಿ ಒತ್ತಿದರೆ ಮೋಟಾರು ಸುಟ್ಟುಹೋದೀತು. ಸುತ್ತೋಲೆ ಓದಿ ನುರಿತವನಾದ್ದರಿಂದ ಹಿರಿಯನೇ ಕೈಪಿಡಿಯನ್ನು ಮೊದಲಿನಿಂದ ಕೊನೆಯ ವರೆಗೆ ಓದಿ ಒಂದೊಂದೇ ಅಂಕಿಯನ್ನು ತಿದ್ದಿಸಿದ.

ಸ್ಪಿಂಡಲ್ ಒಂಟಿಯಾಗಿ ಬರುವ ಅತಿಥಿಯಲ್ಲ, ಪರಿವಾರ ಸಮೇತ ಬರುತ್ತದೆ. ಇದರ ಮೈ 80 ಮಿಲಿಮೀಟರು ದಪ್ಪ, ಹಳೆಯ ಹಿಡಿಕೆ 65ರದು; ಹೊಸದು ಮಾಡಿಸಬೇಕಾಯಿತು. ತೂಕ ಎರಡರಷ್ಟಕ್ಕೂ ಮಿಗಿಲಾದ್ದರಿಂದ ಮೇಲೆಕೆಳಗೆ ಎತ್ತುವ ಮೋಟಾರು ದಣಿಯಿತು, ಅದನ್ನೂ ಬದಲಿಸಿದೆವು. ಬಕೆಟ್ಟಿನಲ್ಲಿ ನೀರು, ಪಂಪು, ಎರಡು ನಳಿಗೆ. ಮೊದಲ ದಿನ ಯಂತ್ರ ನಡುನಡುವೆ ತಾನಾಗಿಯೇ ನಿಲ್ಲತೊಡಗಿತು. ವಿ.ಎಫ್.ಡಿ.ಯ ವಿದ್ಯುತ್ ಗದ್ದಲ ಪಕ್ಕದ ಸಣ್ಣ ತಂತಿಗಳಿಗೆ ಹೊಕ್ಕು, ಯಂತ್ರ ಅಂಚು ಮುಟ್ಟಿತೆಂದು ಸುಳ್ಳು ಸುದ್ದಿ ಹೇಳುತ್ತಿತ್ತು. ಕವಚವಿರುವ ಕೇಬಲ್ ಹಾಕಿ, ಕವಚವನ್ನು ನೆಲತಂತಿಗೆ ಕೂಡಿಸಿ, ಸಣ್ಣ ತಂತಿಗಳನ್ನು ದೂರ ಸರಿಸಿದ ಮೇಲೆ ಆ ಕಾಟ ತೀರಿತು.

ನಾವು ಎಣಿಸದೆ ಬಂದ ಲಾಭವೂ ಒಂದುಂಟು. ಇಲ್ಲಿನ ಕನ್ನಡ ಮನೆಗಳವರು ಬಾಗಿಲ ಫಲಕ ಮಾಡಿಸಲು ಬರುತ್ತಾರೆ. ನಮ್ಮ ಲಿಪಿಯ ಒತ್ತಕ್ಷರಗಳ ಸಂದಿಗೆ ಒಂದು ಮಿಲಿಮೀಟರಿನ ಬಿಟ್ ಬೇಕು. ಹಳೆಯ ರೌಟರಿನ ಅಲುಗಾಟಕ್ಕೆ ಅದು ಪಟ್ಟನೆ ಮುರಿಯುತ್ತಿತ್ತು. "ಲಕ್ಷ್ಮೀ" ಎಂಬ ಹೆಸರೆಂದರೆ ಕಿರಿಯನಿಗೆ ಜ್ವರವೇ ಬರುತ್ತಿತ್ತು. ಸ್ಪಿಂಡಲಿನಲ್ಲಿ ಬಿಟ್ ನೆಟ್ಟಗೆ ತಿರುಗುತ್ತದೆ. ಕಳೆದ ತಿಂಗಳು ಮೂರು ಲಕ್ಷ್ಮಿಯರು ಒಂದೇ ಬಿಟ್ಟಿನಲ್ಲಿ ಮೂಡಿದರು.

ಸೊಸೈಟಿಯ ಕಾರ್ಯದರ್ಶಿಗಳು ಬಂದು ಅಂಗಡಿಯಲ್ಲಿ ನಿಂತು ಕಿವಿಗೊಟ್ಟರು. ಮರ ಕೊಯ್ಯುವ ಸದ್ದು ಇದ್ದೇ ಇದೆ, ಅದಕ್ಕೆ ಮದ್ದಿಲ್ಲ. ಬಿಟ್ ಮರ ಬಿಟ್ಟು ಮೇಲೆದ್ದಾಗ ಮಾತ್ರ ಬಕೆಟ್ಟಿನ ನೀರಿನ ಗುಳುಗುಳು ಕೇಳಿಸಿತು. ಅವರು ಆಜೋಬಾರ ಮನೆಗೆ ಹತ್ತಿ ಹೋಗಿ ಅರ್ಧ ಗಂಟೆ ಕುಳಿತು ಬಂದರು. ಈಗ ಮಧ್ಯಾಹ್ನ ಎರಡು ಗಂಟೆ ಬಿಡುವು ಕೊಟ್ಟು, ಸಂಜೆ 6ರ ವರೆಗೆ ನಡೆಸಲು ಅಪ್ಪಣೆಯಾಗಿದೆ. ಪುಡಿ ಹೀರುವ ವ್ಯಾಕ್ಯೂಮ್ ಇನ್ನೂ ಅರಚುತ್ತದೆ. ಅದಕ್ಕೊಂದು ಪ್ಲೈವುಡ್ ಪೆಟ್ಟಿಗೆ ಕೊರೆಯುವುದು ಬರುವ ಭಾನುವಾರದ ಕೆಲಸ.