ಹಳೇ ದೋಣಿಗೊಂದು ಎಂಜಿನ್

ದೋಣಿಯ ಎಂಜಿನ್ ಕೆಟ್ಟಿತೆಂದು ಗೊತ್ತಾದರೆ ಸಾಕು, ಗಂಗೊಳ್ಳಿಯ ದಡದಲ್ಲಿ ಎದುರಾದವರೆಲ್ಲ ಕೇಳುವುದು ಒಂದೇ: "ಇನ್ನ್ ಎಷ್ಟ್ ಎಚ್‌ಪಿದ್ ಹಾಕ್ತ್ರಿ?" ಅಂಗಡಿಯವರೂ ಅಲ್ಲಿಂದಲೇ ಶುರುಮಾಡುತ್ತಾರೆ. ದೋಣಿ ಹೊಸದಾದರೆ ಆ ಪ್ರಶ್ನೆ ಸರಿ. ನಮ್ಮದು ಅಪ್ಪನ ಕಾಲದ ಫೈಬರ್ ದೋಣಿ, ನೀರಿಗೆ ತಾಗುವ ಉದ್ದ 16 ಅಡಿ. ಅಂಥದ್ದಕ್ಕೆ ಎಂಜಿನ್ ಆರಿಸುವಾಗ ಮೊದಲು ವಿಚಾರಿಸಬೇಕಾದದ್ದು ಅದು ಕಚ್ಚಿಕೊಂಡು ಕೂರುವ ಹಿಂದಿನ ಹಲಗೆಯನ್ನು.

ಈ ಹಲಗೆ ಹೊರಗೆ ಫೈಬರ್, ಒಳಗೆ ಪ್ಲೈವುಡ್. ಬೋಲ್ಟು ಹೊಡೆದ ತೂತುಗಳಲ್ಲಿ ವರ್ಷಾನುಗಟ್ಟಲೆ ಉಪ್ಪುನೀರು ಇಳಿದು ಒಳಗಿನ ಮರ ಕೊಳೆಯುತ್ತದೆ. ಮೇಲೆ ಬಣ್ಣ ಮಾತ್ರ ಚೆನ್ನಾಗಿಯೇ ಇರುತ್ತದೆ. "ಹಲ್ಗಿ ಗಟ್ಟಿ ಇತ್ತಾ ಕಾಣಿ ಮೊದ್ಲ್ ಮಾರಾಯ್ರೆ, ಎಂಜಿನ್ ಮತ್ತ್ ಕಾಂಬ" ಎಂದರು ದುರಸ್ತಿಯ ಮೇಸ್ತ್ರಿ. ಹಳೇ ಎಂಜಿನ್ನನ್ನು ಇಳಿಸುವ ಮೊದಲು ಅದರ ಕೆಳತುದಿ ಹಿಡಿದು ಎತ್ತಿ ಒತ್ತಿ ನೋಡಿದರು. ಹಲಗೆ ಕೂದಲೆಳೆಯಷ್ಟು ಬಾಗಿತು. ಆಮೇಲೆ ಸುತ್ತಿಗೆಯ ಹಿಡಿಯಿಂದ, ಹಲಸಿನಹಣ್ಣು ಬಡಿದು ನೋಡುವ ಹಾಗೆ, ಮೇಲಿನಿಂದ ಕೆಳಗೆ ಬಡಿಯುತ್ತ ಬಂದರು. ಮೇಲೆಲ್ಲ ಟಣ್ ಟಣ್ ಎನ್ನುತ್ತಿದ್ದದ್ದು ನೀರಿನ ಗೆರೆಯ ಹತ್ತಿರ ಬದ್ ಎಂದಿತು. ಸಣ್ಣ ಡ್ರಿಲ್ ಹಾಕಿದರು. ಮೇಲಿನ ತೂತಿನಿಂದ ಒಣ ಮರದ ಹುಡಿ ಉದುರಿತು, ಕೆಳಗಿನದರಿಂದ ಒದ್ದೆಯಾದ ಕಪ್ಪು ಹಿಟ್ಟು. ಅಷ್ಟು ಕಂಡ ಮೇಲೆ ಅಂಗಡಿಗೆ ಹೋಗುವ ಮಾತೇ ಇರಲಿಲ್ಲ. ಒಳಗಿನ ಮರ ಕಿತ್ತು ಹೊಸದು ಕೂರಿಸಿ ಫೈಬರ್ ಹೊದೆಸಿದ ನಂತರವೇ ಮುಂದಿನ ಯೋಚನೆ. ಎಂಜಿನ್ನಿಗೆ ಕೂಡಿಟ್ಟ ಹಣದಲ್ಲಿ ಒಂದು ಪಾಲು ಹಲಗೆಗೆ ಹೋಯಿತು, ಹೋಗಲೇಬೇಕಿತ್ತು.

ಹಲಗೆ ಗಟ್ಟಿಯಾದರೆ ಮುಂದಿನದು ತೂಕ. ಎರಡು ಸ್ಟ್ರೋಕಿನ 9.8 ಎಚ್‌ಪಿ ತೊಹಾಟ್ಸು ಸುಮಾರು 26 ಕಿಲೋ. ಅದೇ ಕಂಪನಿಯ ಅಷ್ಟೇ ಶಕ್ತಿಯ ನಾಲ್ಕು ಸ್ಟ್ರೋಕಿನದು 37 ಕಿಲೋ. ನಮ್ಮದರಂಥ ದೋಣಿಗಳು ಹಗುರವಾದ ಎರಡು ಸ್ಟ್ರೋಕಿನ ಕಾಲದವು. ಹನ್ನೊಂದು ಕಿಲೋ ಹೆಚ್ಚಾದರೆ ಮಹಾ ಏನು ಎನ್ನಬಹುದು. ಆದರೆ ಆ ಭಾರ ಬೀಳುವುದು ದೋಣಿಯ ಕಟ್ಟಕಡೆಯ ತುದಿಯಲ್ಲಿ, ಹಿಡಿ ತಿರುಗಿಸುವ ಮನುಷ್ಯ ಕೂರುವುದೂ ಅಲ್ಲೇ. ಹಿಂಭಾಗ ನಾಲ್ಕು ಬೆರಳು ಇಳಿದರೆ, ಹಿಂದಿನಿಂದ ಬರುವ ಅಲೆ ಎಂಜಿನ್ನಿಗಾಗಿ ತಗ್ಗಿಸಿದ ಜಾಗದಿಂದ ನೇರ ಒಳಗೆ. ಎಂಜಿನ್ ಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸಬಹುದು: 37 ಕಿಲೋ ಮರಳನ್ನು ಚೀಲಕ್ಕೆ ತುಂಬಿ ಹಲಗೆಗೆ ಕಟ್ಟಿ, ಜನ ಹತ್ತಿಸಿ, ಹೊಳೆಯಲ್ಲಿ ನಿಲ್ಲಿಸಿ ನೋಡುವುದು. ನಾವು ನೋಡಿದೆವು. ಹಿಂದೆ ಇದ್ದ ಎಣ್ಣೆ ಟ್ಯಾಂಕನ್ನು ಮುಂದಕ್ಕೆ ಸರಿಸಿದ ಮೇಲೆ ದೋಣಿ ಸಮಕ್ಕೆ ಬಂತು.

ಅಳತೆಯದ್ದು ಚಿಕ್ಕ ವಿಷಯ. ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ ನೆಟ್ಟಗೆ ಟೇಪು ಹಿಡಿಯಬೇಕು, ಹಲಗೆಯ ಓರೆ ಹಿಡಿದು ಅಳೆಯಬಾರದು. 15 ಇಂಚಿಗೆ ಗಿಡ್ಡ ಕಾಲಿನ ಎಂಜಿನ್, 20 ಇಂಚಿಗೆ ಉದ್ದ ಕಾಲಿನದು. ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ತಗಡು ದೋಣಿಯ ತಳಕ್ಕೆ ಸಮನಾಗಿ ಅಥವಾ ಒಂದಿಂಚು ಕೆಳಗೆ ಬಂದರೆ ಸರಿ. ಅದಕ್ಕಿಂತ ಮೇಲಿದ್ದರೆ ಅಲೆಯಲ್ಲಿ ಪ್ರೊಪೆಲ್ಲರ್ ಗಾಳಿ ಹಿಡಿದು ಸುಮ್ಮನೆ ಚೀರುತ್ತದೆ.

ಈಗ ಎಚ್‌ಪಿ. ಭಾರ ತುಂಬಿ ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ. ನೀರಿಗೆ ತಾಗುವ ಉದ್ದ 16 ಅಡಿಯಾದರೆ ಹೆಚ್ಚುಕಡಿಮೆ ಐದೂವರೆ ನಾಟ್, ಎಂದರೆ ಗಂಟೆಗೆ 10 ಕಿಲೋಮೀಟರ್. ಬಲೆ, ಮೀನು, ನಾಲ್ಕು ಜನ ಇದ್ದಾಗ ಆ ವೇಗಕ್ಕೆ ಬೇಕಾದದ್ದಕ್ಕಿಂತ ದೊಡ್ಡ ಎಂಜಿನ್ ಹಾಕಿದರೆ ಮುಂಭಾಗ ಮೇಲೇಳುತ್ತದೆ, ಹಿಂಭಾಗ ಕುಸಿಯುತ್ತದೆ, ಎಣ್ಣೆ ಖಾಲಿಯಾಗುತ್ತದೆ, ಊರು ಮಾತ್ರ ಬೇಗ ಬರುವುದಿಲ್ಲ. ಕಾಯಿದೆಯೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಂತಿರುವಾಗ ಕರ್ನಾಟಕದಲ್ಲಿ ಕಡಲಿಗಿಳಿಯಲು ಬಿಡುವುದು 10 ಎಚ್‌ಪಿವರೆಗಿನ ನಾಡದೋಣಿಗಳನ್ನು. ಮಳೆಗಾಲದ ಮೀನನ್ನೇ ನಂಬಿದ ಮನೆಗೆ 15 ಎಚ್‌ಪಿಯ ಆಸೆ ಕೆಲಸಕ್ಕೆ ಬಾರದು.

ಸೀಮೆಎಣ್ಣೆಯೋ ಪೆಟ್ರೋಲೋ ಎಂಬ ಬಗ್ಗೆ ಊರಲ್ಲಿ ಎರಡು ಅಭಿಪ್ರಾಯಗಳಿವೆ. ಸೀಮೆಎಣ್ಣೆ ಎಂಜಿನ್ನನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತರಬೇಕು. ಮರೆತರೆ ಮಾರನೆಯ ಬೆಳಿಗ್ಗೆ ಹಗ್ಗ ಎಳೆದೆಳೆದು ತೋಳು ಸೋಲುತ್ತದೆ. ಅದರ ಹೊಗೆ ಕುಡಿದು ಅಪ್ಪ ಕೆಮ್ಮುತ್ತಿದ್ದದ್ದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಆದರೂ ಸಬ್ಸಿಡಿಯ ಎಣ್ಣೆ ಸಿಗುವಷ್ಟು ದಿನ ಅದೇ ಅಗ್ಗವಾಗಿತ್ತು, ಬಡವರು ಬೇರೆ ಏನು ಮಾಡಿಯಾರು? ಈಗ ಆ ಎಣ್ಣೆಯ ಭರವಸೆ ಇಲ್ಲ. ನಾಲ್ಕು ಸ್ಟ್ರೋಕಿನದಾದರೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸವಿಲ್ಲ, ಅದೇ ದೂರಕ್ಕೆ ಕಡಿಮೆ ಕುಡಿಯುತ್ತದೆ. ನಾನು ಅದರ ಕಡೆಗೆ ವಾಲಿದೆ.

ಯಮಹಾ, ಸುಜುಕಿ, ತೊಹಾಟ್ಸು ಎಂಬ ಚರ್ಚೆಯಲ್ಲಿ ನಾನು ಹೆಚ್ಚು ಹೊತ್ತು ಕೂರಲಿಲ್ಲ. ನಮ್ಮ ಅಳಿವೆಯಲ್ಲಿ ಹೊಳೆಯ ಇಳಿತವೂ ಕಡಲಿನ ಅಲೆಯೂ ಎದುರುಬದುರಾಗುತ್ತವೆ. ಅಲ್ಲಿ ಎಂಜಿನ್ ನಿಂತರೆ ಒಂದೆರಡು ಎಳೆತಕ್ಕೆ ಮತ್ತೆ ಹತ್ತಬೇಕು. ಹಾಗಾಗಿ ನಾನು ಕೇಳಿದ್ದು ಇಷ್ಟೇ: ಪ್ಲಗ್ಗು, ನೀರೆಳೆಯುವ ಇಂಪೆಲ್ಲರು, ಕಾರ್ಬುರೇಟರಿನ ಸಾಮಾನು ಕುಂದಾಪುರದಲ್ಲೇ ಸಿಗುವುದು ಯಾವುದಕ್ಕೆ? ಅದನ್ನು ಬಿಚ್ಚಿ ಜೋಡಿಸಿ ಗೊತ್ತಿರುವ ಮೆಕ್ಯಾನಿಕ್ ದಡದಲ್ಲೇ ಇದ್ದಾರೆಯೇ? ಇದ್ದದ್ದನ್ನೇ ತೆಗೆದುಕೊಂಡೆವು. ಅದರ ಜೊತೆ ಬಂದ ಪ್ರೊಪೆಲ್ಲರ್ ಹಗುರ ದೋಣಿಯನ್ನು ಓಡಿಸುವಂಥದ್ದು. ಬಲೆ ತುಂಬಿದಾಗ ಎಂಜಿನ್ ಪೂರ್ತಿ ಸುತ್ತು ತಲುಪದೆ ಏದುಸಿರು ಬಿಡುತ್ತಿತ್ತು. ಕಡಿಮೆ ಪಿಚ್ಚಿನದನ್ನು, ಎಂದರೆ ಒಂದು ಸುತ್ತಿಗೆ ಕಡಿಮೆ ದೂರ ತಳ್ಳುವುದನ್ನು, ತರಿಸಿ ಹಾಕಿದ್ದೇವೆ, ಹಳೆಯದನ್ನು ಗ್ರೀಸು ಹಚ್ಚಿ ದೋಣಿಯಲ್ಲೇ ಇಟ್ಟಿದ್ದೇವೆ, ಕಲ್ಲಿಗೆ ತಾಗಿ ಇದರ ಎಲೆ ಮುರಿದರೆ ದಡ ಸೇರಲು ಅದೇ ಸಾಕು.