ಫೋನಿಗೆ ಜಾತಿ ಕಾಣಲ್ಲ ಅಂತಾರೆ



ಬಳ್ಳಾರಿಯಲ್ಲಿ ಡಿಗ್ರಿ ಮುಗಿಸಿದ ನಮ್ಮ ಕೇರಿ ಹುಡುಗ ಹುಡುಗಿಯರು ಈಗ ಟೆಲಿಕಾಲರ್ ಕೆಲಸಕ್ಕೆ ಸೇರ್ತಿದ್ದಾರೆ. ಆಫರ್ ಲೆಟರಿನಲ್ಲಿ ಮಾತ್ರ ‘ಇನ್‌ಸೈಡ್ ಸೇಲ್ಸ್’, ‘ಬಿಸಿನೆಸ್ ಡೆವಲಪ್‌ಮೆಂಟ್’ ಅಂತ ಇರ್ತೈತಿ. "ಫೋನಿನಲ್ಲಿ ಜಾತಿ ಯಾರಿಗೆ ಕಾಣ್ತೈತಿ, ಮಾತು ಬಂದ್ರೆ ಸಾಕು" ಅಂತ ಹೇಳಿ ಸೇರಿಸ್ಕೊಂತಾರೆ. ಎರಡು ವರ್ಷ ಈ ಕೆಲಸ ಮಾಡಿದವನು ನಾನು. ಕಂಡದ್ದನ್ನು ಹೇಳ್ತೀನಿ.

ನನಗೆ ಕೊಟ್ಟಿದ್ದು ಸಿರುಗುಪ್ಪದ ರೈಸ್ ಮಿಲ್ಲುಗಳು, ಕುರುಗೋಡು ಕಡೆಯ ರೈತರು. ಮಾರೋದು ಸೋಲಾರ್. ದಿನಕ್ಕೆ ನೂರು ಕಾಲ್ ಮಾಡಿದ್ರೆ ಪೂರ್ತಿ ಕೇಳೋರು ಐದಾರು ಮಂದಿ. ಕರೆಂಟ್ ಬಿಲ್ ಎಷ್ಟು ಬರ್ತೈತಿ, ದುಡ್ಡಿನ ತೀರ್ಮಾನ ಯಾರದು, ಮತ್ತೆ ಯಾವಾಗ ಮಾತಾಡ್ಲಿ, ಇಷ್ಟು ತಿಳ್ಕೊಂಡು ಬರೆದಿಟ್ರೆ ಅದು ಒಂದು ಲೀಡ್. ಭತ್ತದ ಸುಗ್ಗಿಯಲ್ಲಿ ಮಿಲ್ಲಿನವರು ಫೋನ್ ಎತ್ತಲ್ಲ, ಕಾಯ್ಬೇಕು. ಒಂದು ಲೀಡ್ ಹಣ್ಣಾಗೋಕೆ ಎರಡು ಮೂರು ತಿಂಗಳು.

ಮಾತು ಕುದುರಿತು ಅನ್ನುವಾಗ ಆ ಪ್ರಶ್ನೆ ಬರ್ತಿತ್ತು: "ತಮ್ದು ಯಾವೂರ್ರೀ? ಯಾರ ಪೈಕಿ?" ಮುಖ ಕಾಣದಿದ್ರೂ ಮೂರನೇ ಪ್ರಶ್ನೆಗೆ ಕೇರಿ ಸಿಕ್ಕಿಬಿಡ್ತೈತಿ. ನಾನು ಮುಚ್ಚಿಡಲಿಲ್ಲ. ಮಾರನೇ ದಿನ ಮ್ಯಾನೇಜರ್, "ಡೆಮೋಗೆ ಬೇರೆಯವನು ಹೋಗ್ಲಿ ಬಿಡು, ಅವರ ಮನೆಯೊಳಗೆ ಕೂತು ಮಾತಾಡ್ಬೇಕಲ್ಲ" ಅಂದ್ರು. ಹೋದವನು ಆರ್ಡರ್ ತಂದ, ಇನ್ಸೆಂಟಿವ್ ಅವನಿಗೆ. ನನ್ನ ಟೇಬಲ್ಲಿಗೆ ಹೊಸ ನಂಬರಿನ ಲಿಸ್ಟ್.

ಬಾಬಾಸಾಹೇಬರಿಗೂ ಇದು ತಪ್ಪಲಿಲ್ಲ. 1917ರಲ್ಲಿ ಲಂಡನ್‌ನಿಂದ ಮರಳಿದವರು, 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನ ಪ್ರಾಧ್ಯಾಪಕರಾಗುವ ಮುಂಚೆ, ಮುಂಬೈನಲ್ಲಿ ಹೂಡಿಕೆ ಬಗ್ಗೆ ಸಲಹೆ ಕೊಡುವ ಬಿಸಿನೆಸ್ ಶುರು ಮಾಡಿದ್ರು. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದವರು. ಜಾತಿ ಗೊತ್ತಾದ ಮೇಲೆ ಗಿರಾಕಿಗಳು ಬರೋದು ನಿಲ್ಲಿಸಿದ್ರು.

ಸಂವಿಧಾನದ 16(4) ಸರ್ಕಾರಿ ನೌಕರಿಗೆ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಬಂದ 371(ಜೆ) ಕೂಡ ಸರ್ಕಾರಿ ಹುದ್ದೆಗೆ, ಕಾಲೇಜು ಸೀಟಿಗೆ. ಹೆಡ್‌ಫೋನ್ ಹಾಕ್ಕೊಂಡು ಕೂರುವ ಈ ಕುರ್ಚಿಗೆ ಎರಡೂ ಬರಲ್ಲ. ಖಾಸಗಿ ವಲಯದಲ್ಲಿ ಮೀಸಲಾತಿ ಬೇಕು ಅಂತ ನಾವು ಕೇಳೋದು ಇದಕ್ಕೇ.

ಅದು ಬರೋತನಕ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ಸೇರುವ ಮುಂಚೆನೇ ಲೀಡ್ ತಂದವರಿಗೆ ಇನ್ಸೆಂಟಿವ್ ಎಷ್ಟು ಅಂತ ಬರೆಸ್ಕೊಳ್ರಿ. ಯಾವ ಲೀಡ್ ಯಾವತ್ತು ತಂದ್ರಿ ಅಂತ ತಾರೀಖು ಸಮೇತ ನಿಮ್ಮ ನೋಟ್‌ಬುಕ್ಕಿನಲ್ಲೂ ಇರ್ಲಿ. ಕಂಪನಿ ಹೆಸರು ಬದಲಿಸಿ ಮಾತಾಡು ಅಂದ್ರೆ ಒಪ್ಪಬ್ಯಾಡ್ರಿ. ನಿಮಗೂ ಹಿಂಗೆ ಆಗಿದ್ರೆ ಕೆಳಗೆ ಬರೀರಿ, ಒಟ್ಟಿಗೆ ಕೂತು ಮಾತಾಡೋಣ.